ಪೊರಕೆ ಇದ್ದರೆ ಒಳಗೆ

ಮೊಳೆ ಕಿತ್ತ ದಿನ ನಾನು ಅಲ್ಲೇ ಇದ್ದೆ. ಕೀಳುವಾಗ ಬೀಳುವ ತೊಗಟೆಯನ್ನು ಗುಡಿಸಲಿಕ್ಕೆಂದು ನನ್ನನ್ನು ಕರೆಸಿದ್ದರು.

ಆ ಮೊಳೆ ನನ್ನ ಅಜ್ಜಿ ಹೊಡೆದದ್ದು. ನಾನು ಹುಟ್ಟುವುದಕ್ಕೆ ಮುಂಚೆ. ಬೀದಿಯ ತಿರುವಿನಲ್ಲಿ ನಿಂತ ದೊಡ್ಡ ಮರಕ್ಕೆ, ನಾಯಿಯ ಬಾಯಿಗೆ ಎಟುಕದಷ್ಟು ಎತ್ತರದಲ್ಲಿ, ಬುತ್ತಿಚೀಲ ನೇತುಹಾಕಲಿಕ್ಕೆ. ಬೆನ್ನು ಬಾಗಿ ನೆಲ ನೋಡುವ ತನಕ ಅಜ್ಜಿ ಆ ಬೀದಿಯ ಕಸ ಗುಡಿಸಿದಳು. ಅವಳು ಹೋದ ಮೇಲೆ ಪೊರಕೆ ನನ್ನ ಕೈಗೆ ಬಂತು. ಮೊಳೆಯೂ ಬಂತು. ಅವಳು ಬಿಟ್ಟುಹೋದ ಆಸ್ತಿ ಅಂದರೆ ಇವೆರಡು, ಮತ್ತೆ ತಲೆತುಂಬ ಕಥೆ.

ಮೊಳೆ ಅರ್ಧಕ್ಕಿಂತ ಹೆಚ್ಚು ಒಳಗೆ ಹೋಗಿತ್ತು. ಯಾರೂ ಹೊಡೆದು ತಳ್ಳಿದ್ದಲ್ಲ. ಮರವೇ ದಪ್ಪವಾಗುತ್ತ ಹೋದಂತೆ ಅದನ್ನು ಸುತ್ತ ಬಳಸಿ ಒಳಕ್ಕೆ ತೆಗೆದುಕೊಂಡಿತ್ತು. ತೊಗಟೆ ಮೊಳೆಯ ಸುತ್ತ ತುಟಿಯ ಹಾಗೆ ಉಬ್ಬಿತ್ತು. ಮೊದಲು ಇಕ್ಕಳ ಹಾಕಿದರು. ಬರಲಿಲ್ಲ. ಆಮೇಲೆ ಉಳಿ ತಂದರು. ಸುತ್ತಲಿನ ಉಬ್ಬನ್ನೆಲ್ಲ ಕೆತ್ತಿ ತೆಗೆದರು. ಬಿಳಿ ಹಾಲು ಇಳಿಯಿತು. ಕೊನೆಗೆ ಹಾರೆ ಕೊಟ್ಟು ಮೀಟಿದಾಗ ಮೊಳೆ ಬಂತು, ಅಂಗೈ ಅಗಲದ ಸಿಪ್ಪೆಯೂ ಜೊತೆಗೇ ಬಂತು.

"ಪಾಪ, ಎಷ್ಟು ವರ್ಷದಿಂದ ನೋವು ತಿಂತಿತ್ತೋ," ಅಂದರು ಕ್ಯಾಮೆರಾ ಸಾರ್.

ಹೆಸರು ನಾವಿಟ್ಟದ್ದು. ಮರದ ಎದುರು ಮನೆಯವರು. ಕೆಲಸದಿಂದ ನಿವೃತ್ತರಾದವರು. ಕೊರಳಿಗೆ ಯಾವಾಗಲೂ ಕ್ಯಾಮೆರಾ. ಹಿಂದೊಮ್ಮೆ ರಸ್ತೆ ಅಗಲ ಮಾಡಲು ಗರಗಸ ಬಂದಾಗ ಅಡ್ಡ ನಿಂತು ಮರವನ್ನು ಉಳಿಸಿದವರು ಅವರೇ. ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಆ ವರ್ಷ ಅವರೊಂದು ಹಟ ಹಿಡಿದಿದ್ದರು. ಒಂದೇ ಮರವನ್ನು, ಒಂದೇ ಜಾಗದಲ್ಲಿ ನಿಂತು, ಎಲ್ಲ ಕಾಲದಲ್ಲೂ ಫೋಟೋ ಹಿಡಿಯುವುದು. ಹಾಗೆ ಹಿಡಿಯುವಾಗಲೇ ಅವರಿಗೆ ಮೊಳೆ ಕಂಡದ್ದು.

"ನಮ್ಮಜ್ಜಿ ಹೊಡೆದಿದ್ದು ಸಾರ್ ಅದು," ಅಂದೆ. ಯಾಕೆ ಅಂದೆನೋ.

ಅವರು ನನ್ನ ಮುಖ ನೋಡಿದರು. ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ಚೆನ್ನಾಗಿತ್ತು.

"ನಿಂಗೆ ಗೊತ್ತಾಗಲ್ಲಮ್ಮ. ಮರಕ್ಕೂ ಜೀವ ಇರುತ್ತೆ."

ತೊಗಟೆ ಗುಡಿಸಿದೆ. ಹಾಲು ಅಂಟಿದ್ದರಿಂದ ಪೊರಕೆಯ ಕಡ್ಡಿಗಳು ಒಂದಕ್ಕೊಂದು ಕಚ್ಚಿಕೊಂಡವು. ನನ್ನ ಜೊತೆ ಗುಡಿಸುತ್ತಿದ್ದ ದೊಡ್ಡಕ್ಕ ರಸ್ತೆಯ ಆಚೆ ಬದಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಹತ್ತಿರ ಬಂದು ಸಣ್ಣ ದನಿಯಲ್ಲಿ ಅಂದಳು, "ಮರಕ್ಕೆ ಜೀವ ಇದೆಯಂತೆ ನೋಡೇ. ಇಷ್ಟು ವರ್ಷ ಲೈಟುಕಂಬ ಅನ್ಕೊಂಡು ಮಾತಾಡಿಸ್ತಿದ್ವಿ."

ನಗು ಬಂತು. ಅದು ಆ ಮರದ ಕೆಳಗೆ ನಾವಿಬ್ಬರೂ ನಕ್ಕ ಕೊನೆಯ ನಗು.

* * *

ಆ ಬೀದಿಯಲ್ಲಿ ಬಚ್ಚಲುಗಳಿಗೆ ಬರವಿಲ್ಲ. ಒಂದೊಂದು ಮನೆಗೆ ಎರಡು, ಮೂರು. ನಾಯಿ ಮೀಯಿಸಲಿಕ್ಕೂ ಒಂದು. ನಮಗೆ ಇದ್ದದ್ದು ಮರದ ಬೆನ್ನು.

ಮರದ ಬೇರು ಬುಡದಲ್ಲಿ ಗೋಡೆಯ ಹಾಗೆ ಎದ್ದಿತ್ತು. ಎರಡು ಬೇರಿನ ನಡುವೆ ಒಬ್ಬಳು ಕುಕ್ಕರುಗಾಲಲ್ಲಿ ಕೂತರೆ ತಲೆ ಕಾಣುತ್ತಿರಲಿಲ್ಲ. ತಿಂಗಳ ದಿನಗಳಲ್ಲಿ ಬಟ್ಟೆ ಬದಲಿಸುವುದು ಅಲ್ಲೇ. ಒಬ್ಬಳು ಹಿಂದೆ ಹೋದರೆ ಇನ್ನೊಬ್ಬಳು ಮುಂದೆ ನಿಂತು ಜೋರಾಗಿ ಗುಡಿಸಬೇಕು. ಒಣ ನೆಲದಲ್ಲಿ ಪೊರಕೆಯನ್ನು ಅಡ್ಡಡ್ಡ ಬೀಸಿದರೆ ಧೂಳು ಆಳೆತ್ತರ ಏಳುತ್ತದೆ. ಧೂಳೆದ್ದ ಕಡೆ ಯಾರೂ ಬರುವುದಿಲ್ಲ. ಮೂಗು ಮುಚ್ಚಿಕೊಂಡು ಸುತ್ತಿ ಹೋಗುತ್ತಾರೆ. ಅದು ನಮ್ಮ ಪರದೆ. ಅಜ್ಜಿ ನನಗೆ ಕಲಿಸಿದ ಮೊದಲ ಕೆಲಸ ಕಸ ಗುಡಿಸುವುದಲ್ಲ, ಧೂಳೆಬ್ಬಿಸುವುದು.

ಅಪ್ಪ ಅಮ್ಮ ಇಬ್ಬರೂ ನಾನು ಚಿಕ್ಕವಳಿದ್ದಾಗಲೇ ಹೋದರು. ಅಜ್ಜಿ ನನ್ನನ್ನು ಬೇರಿನ ಸಂದಿಯಲ್ಲಿ ಮಲಗಿಸಿ ಗುಡಿಸುತ್ತಿದ್ದಳು. ನಾನು ಎದ್ದು ಕಣ್ಣುಬಿಟ್ಟರೆ ಮೇಲೆ ಎಲೆ, ಎಲೆಯ ಸಂದಿಯಲ್ಲಿ ಚೂರು ಚೂರು ಆಕಾಶ. ಆಕಾಶ ಅಂದರೆ ಹರಿದ ಬಟ್ಟೆ ಅಂತಲೇ ಎಷ್ಟೋ ದಿನ ತಿಳಿದಿದ್ದೆ. ಶಾಲೆಗೆ ಹೋದದ್ದೂ ಆ ಮರದಿಂದಲೇ, ವಾಪಸು ಬಂದದ್ದೂ ಆ ಮರಕ್ಕೇ. ಬಿಸಿಲು ಏರಿದಾಗ ಅಜ್ಜಿ ಮೊಳೆಯಿಂದ ಚೀಲ ಇಳಿಸುತ್ತಿದ್ದಳು. ಪೊರಕೆ ಕೆಳಗಿಡುತ್ತಿದ್ದಳು. ಪೊರಕೆ ಕೆಳಗಿಟ್ಟಳು ಅಂದರೆ ಕಥೆ ಶುರು.

"ಸೂರ್ಯನಿಗೆ ಒಬ್ಬಳೇ ಮಗಳಂತೆ. ನೆರಳು ಅಂತ. ಅಪ್ಪನ ಮುಖಕ್ಕೆ ಮುಖ ಕೊಟ್ಟು ನಿಂತೋಳೇ ಅಲ್ಲ. ಯಾವಾಗ್ಲೂ ಯಾರದೋ ಬೆನ್ನ ಹಿಂದೆ. ಇಂಥೋಳನ್ನ ಯಾರು ಕಟ್ಕೋತಾರೆ ಅಂತ ಮರಕ್ಕೆ ಕೊಟ್ಟು ಮದುವೆ ಮಾಡಿದ್ರಂತೆ. ಮರ ಒಳ್ಳೇದು. ಹೊಡೆಯಲ್ಲ, ಬಡಿಯಲ್ಲ, ಬೇರೆ ಕಡೆ ತಿರುಗೋಕೂ ಹೋಗಲ್ಲ. ಆದ್ರೂ ಹೆಣ್ಣು ಅಲ್ವೇ, ವರ್ಷಕ್ಕೊಂದು ಸಲ ತವರಿಗೆ ಹೋಗ್ಬೇಕು ಅನ್ಸುತ್ತೆ. ಅವಳು ಹೊರಟ್ರೆ ಎಲೆಗಳೆಲ್ಲ ನಾನೂ ಬರ್ತೀನಿ, ನಾನೂ ಬರ್ತೀನಿ ಅಂತ ಬಿದ್ದು ಬಿದ್ದು ಹಿಂದೆ ಓಡ್ತವೆ. ಅವಳು ವಾಪಸ್ ಬರೋ ತನಕ ಮರ ಬರಿಮೈಲಿ ನಿಂತು ಬಾಗಿಲು ಕಾಯುತ್ತೆ."

"ಅಲ್ಲಜ್ಜೀ, ಆ ಎಲೆನೆಲ್ಲ ಯಾರು ಗುಡಿಸ್ತಾರೆ?"

ಅಜ್ಜಿ ತುತ್ತು ನುಂಗಿ, ಬಾಯಿ ಒರೆಸಿಕೊಂಡು, ನನ್ನ ತಲೆಗೊಂದು ಮೊಟಕಿದಳು. "ನಾವೇ. ಕಥೇಲೂ ನಾವೇ ಗುಡಿಸೋದು."

ಎಲೆ ಉದುರುವ ಕಾಲದಲ್ಲಿ ಮೊದಲ ರಾಶಿಯನ್ನು ಅವಳು ಗಾಡಿಗೆ ತುಂಬುತ್ತಿರಲಿಲ್ಲ. ಕಾಲಿನಿಂದ ಬೇರಿನ ಬುಡಕ್ಕೆ ತಳ್ಳುತ್ತಿದ್ದಳು. "ಅದರ ಬುತ್ತಿ ಅದಕ್ಕೆ," ಅನ್ನುತ್ತಿದ್ದಳು. ಉಳಿದದ್ದನ್ನು ಮಾತ್ರ ಊರಾಚೆಯ ಗುಡ್ಡೆಗೆ ಕಳಿಸುವುದು.

* * *

ಮೊಳೆ ಕಿತ್ತ ಮೇಲೆ ಬೀದಿಯ ಮನೆಯವರು ಸಭೆ ಸೇರಿದರು. ಬುಡದಲ್ಲಿ ಜನ ಕೂತು ಕೂತು ಮಣ್ಣು ಗಟ್ಟಿಯಾಗಿದೆ ಅಂದರು. ಗಲೀಜಾಗಿದೆ ಅಂದರು. ಮರಕ್ಕೆ ರಕ್ಷಣೆ ಬೇಕು ಅಂದರು. ಆ ಜನ ಯಾರು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬೇಕಾಗಿರಲಿಲ್ಲ.

ಕಬ್ಬಿಣದ ಬೇಲಿ ಬಂತು. ಹಸಿರು ಬಣ್ಣ, ತುದಿಗೆ ಭರ್ಜಿಯ ಹಾಗೆ ಮೊನೆ. ಒಂದು ಗೇಟು, ಒಂದು ಬೀಗ. ಬೀಗದ ಕೈ ನಮ್ಮ ಮೇಸ್ತ್ರಿಯ ಸೊಂಟಕ್ಕೆ ಬಂತು. ಬೆಳಗ್ಗೆ ಹಾಜರಿ ಹಾಕಿದ ಮೇಲೆ ಅವನು ನಮ್ಮನ್ನು ಗೇಟಿನ ಮುಂದೆ ನಿಲ್ಲಿಸಿದ.

"ನೋಡಿ, ಬೇಲಿ ಒಳಗೂ ಗುಡಿಸೋದು ನಿಮ್ಮ ಕೆಲಸನೇ. ಪೊರಕೆ ಕೈಲಿದ್ರೆ ಒಳಗೆ. ಪೊರಕೆ ಕೆಳಗಿಟ್ರೆ ಹೊರಗೆ. ಅರ್ಥ ಆಯ್ತಾ?"

"ಪೊರಕೆ ಕೈಲಿ ಹಿಡ್ಕೊಂಡೇ ಕೂತ್ರೆ?" ಅಂದಳು ದೊಡ್ಡಕ್ಕ.

"ಕೂರೋದೇ ಇಲ್ಲ."

"ಸರಿ ಬಿಡಪ್ಪ. ಪೊರಕೆ ಒಂದನ್ನೇ ಕಳಿಸ್ತೀವಿ. ಅದೇ ಗುಡಿಸ್ಕೊಂಡು ಬರ್ಲಿ."

"ನಾಲಿಗೆ ಉದ್ದ ಆಯ್ತು ನಿಂದು."

"ಅದೊಂದೇ ಉದ್ದ ಇರೋದು ನನ್ನ ಮೈಲಿ. ಮಿಕ್ಕಿದ್ದೆಲ್ಲ ಸವೆದುಹೋಯ್ತು."

ಆಗ ಮರಕ್ಕೆ ಹೊಸ ಎಲೆ ಬಂದಿತ್ತು. ಮೊದಲು ಕೆಂಪಗೆ, ಹಿಂಡದೆ ಒಣಗಲು ಹಾಕಿದ ಬಟ್ಟೆಯ ಹಾಗೆ ಜೋಲುತ್ತಿದ್ದವು. ಬಿಸಿಲು ಏರಿದಂತೆಲ್ಲ ಹಸಿರಾಗಿ ಗಟ್ಟಿಯಾದವು. ರಸ್ತೆಯ ಟಾರು ಚಪ್ಪಲಿಗೆ ಅಂಟುವ ಬಿಸಿಲು. ಬೇಲಿಯೊಳಗೆ ಕಾಲಿಟ್ಟರೆ ನೆಲ ತಣ್ಣಗೆ. ಹೊರಗೆ ಕಾಲಿಟ್ಟರೆ ಕಾದ ಹಂಚು. ಒಳಗೆ ಗುಡಿಸುವಾಗ ನಾನು ಬೇಕೆಂದೇ ನಿಧಾನ ಮಾಡುತ್ತಿದ್ದೆ. ಗುಡಿಸಿದ್ದನ್ನೇ ಗುಡಿಸುತ್ತಿದ್ದೆ. ನಿಂತರೆ ಮೇಸ್ತ್ರಿ ಶಿಳ್ಳೆ ಹಾಕುತ್ತಿದ್ದ. ಕೈ ಆಡಬೇಕು. ಕೈ ಆಡಿಸುವವಳಿಗೆ ಮಾತ್ರ ನೆರಳು.

ಬುತ್ತಿ ತಿನ್ನಲು ನಾವು ನೆರಳಿನ ಹಿಂದೆ ಹೋದೆವು. ಬೇಲಿ ಮರವನ್ನು ಹಿಡಿದಿತ್ತು, ನೆರಳನ್ನು ಹಿಡಿದಿರಲಿಲ್ಲ. ಬೆಳಗ್ಗೆ ಅದು ರಸ್ತೆಯ ಆಚೆ ಬಿಳಿ ಗೇಟಿನ ಮನೆಯ ಮುಂದೆ ಚಾಚಿರುತ್ತಿತ್ತು. ಅಲ್ಲಿ ಚೀಲ ಬಿಚ್ಚಿದೆವು. ಮೂರನೆಯ ತುತ್ತಿಗೆ ಗೇಟು ತೆರೆಯಿತು. ಮನೆಯೊಡತಿ ನಮ್ಮ ಕಡೆ ನೋಡದೆ ಒಳಗೆ ತಿರುಗಿ ಕೂಗಿದಳು, "ಪೈಪ್ ತಗೊಂಡ್ಬಾ, ಇಲ್ಲೆಲ್ಲ ತೊಳೀಬೇಕು." ನಾವು ಇನ್ನೂ ಕೂತಿದ್ದೆವು. ನೀರು ಬಂತು. ಬುತ್ತಿ ಎತ್ತಿಕೊಂಡೆವು. ನನ್ನ ಬಟ್ಟೆ ತೊಡೆಯ ತನಕ ನೆನೆಯಿತು.

ಆಮೇಲೆ ಬೋರ್ಡು ಬಂತು. ಬೇಲಿಗೆ ತಂತಿ ಬಿಗಿದು ಕಟ್ಟಿದರು. ಚಂದದ ಬೋರ್ಡು. "ಈ ಮರ ಯಾರಿಗೆಲ್ಲ ಆಸರೆ" ಅಂತ ಮೇಲೆ ದೊಡ್ಡಕ್ಷರ. ದೊಡ್ಡಕ್ಕನಿಗೆ ಓದು ಬರುವುದಿಲ್ಲ. ನಾನು ಓದಿ ಹೇಳಿದೆ. ಮರ ಬೀದಿಯನ್ನು ತಂಪಾಗಿಡುತ್ತದೆ. ಮಳೆನೀರನ್ನು ಕುಡಿದು ನೆಲದೊಳಗೆ ಇಳಿಸುತ್ತದೆ. ಗಾಳಿಯ ಧೂಳನ್ನು ಎಲೆಗಳಲ್ಲಿ ಹಿಡಿದುಕೊಂಡು ಉಸಿರನ್ನು ಶುದ್ಧ ಮಾಡುತ್ತದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಧೂಳಿನ ವಿಷಯ ನನಗೂ ಹೊಸದು. ನಾನು ಮೂಗಿನಲ್ಲಿ ಹಿಡಿಯುವುದನ್ನೇ ಅದು ಎಲೆಯಲ್ಲಿ ಹಿಡಿಯುತ್ತದಂತೆ. ಅಂದರೆ ನಾವಿಬ್ಬರೂ ಒಂದೇ ಕೆಲಸದವರು. ಅದಕ್ಕೆ ಬೋರ್ಡು ಹಾಕಿದ್ದರು.

"ಚಿತ್ರ ಯಾವ್ಯಾವುದು ಇದೆ?" ಅಂದಳು ದೊಡ್ಡಕ್ಕ.

"ಗಿಳಿ. ಅಳಿಲು. ಜೇನು. ಬಾವಲಿ. ಇರುವೆ."

"ಇರುವೆನೂ ಇದೆಯಾ?"

"ಇದೆ. ಪಾಚಿ ಕೂಡ ಇದೆ."

"ಮತ್ತೆ ನಾವು?"

"ಇಲ್ಲ ದೊಡ್ಡಕ್ಕ."

"ಸರಿಯಾಗಿ ನೋಡೇ. ಕೆಳಗೆ ಎಲ್ಲೋ ಸಣ್ಣಕ್ಷರದಲ್ಲಿ ಇರ್ಬಹುದು."

ಕೆಳಗೆ ಸಣ್ಣಕ್ಷರದಲ್ಲಿ ಇತ್ತು. ಓದಿದೆ. "ಇಲ್ಲಿ ಕೂರಬಾರದು. ಊಟ ಮಾಡಬಾರದು. ಗಲೀಜು ಮಾಡಬಾರದು."

"ಅಗೋ," ಅಂದಳು ದೊಡ್ಡಕ್ಕ. "ಇದೀವಲ್ಲ. ಇಲ್ಲ ಅಂದ್ಯಲ್ಲೇ."

ಅವಳು ನಗಲಿಲ್ಲ. ಪೊರಕೆ ಎತ್ತಿಕೊಂಡು ರಸ್ತೆಯ ಆ ತುದಿಗೆ ಹೋದಳು.

* * *

ನಾವು ನೀರು ಕುಡಿಯುವುದನ್ನು ಬಿಟ್ಟೆವು.

ಇದನ್ನು ಯಾರೂ ಕೇಳುವುದಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ಕುಡಿದರೆ ಹೋಗಬೇಕು. ಹೋಗಲು ಜಾಗ ಇಲ್ಲ. ಬೆಳಗ್ಗೆ ಮನೆ ಬಿಡುವಾಗ ಬಾಯಿ ಮುಕ್ಕಳಿಸಿ ಉಗುಳುವುದು, ಮತ್ತೆ ಮನೆ ಮುಟ್ಟಿದ ಮೇಲೆ ಕುಡಿಯುವುದು. ಬಿಸಿಲಿನಲ್ಲಿ ಬಗ್ಗಿ ಗುಡಿಸಿದರೆ ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಬೆವರು ಮೊದಲು ಸುರಿಯುತ್ತದೆ, ಆಮೇಲೆ ನಿಂತುಹೋಗುತ್ತದೆ. ನಿಂತದ್ದು ಒಳ್ಳೆಯದು ಅಂದುಕೊಂಡೆವು. ತಿಂಗಳ ದಿನಗಳಲ್ಲಿ ಬಟ್ಟೆ ಬದಲಿಸದೆ ಬೆಳಗಿನಿಂದ ಸಂಜೆಯ ತನಕ ಗುಡಿಸಿದೆವು. ತೊಡೆ ಹುಣ್ಣಾಗುತ್ತಿತ್ತು. ಕಾಲು ಅಗಲಿಸಿ ನಡೆದರೆ ಮೇಸ್ತ್ರಿ ನಗುತ್ತಿದ್ದ.

ಮಳೆ ಬಂತು. ಮುಂಚೆ ಮಳೆಯಲ್ಲಿ ಮರದ ಕೆಳಗೆ ನಿಂತರೆ ಮೊದಲ ಹನಿ ತಲೆಗೆ ಬೀಳುವಷ್ಟರಲ್ಲಿ ಅರ್ಧ ಮಳೆ ಮುಗಿದಿರುತ್ತಿತ್ತು. ಈಗ ಮುಚ್ಚಿದ ಅಂಗಡಿಯೊಂದರ ಮುಂದೆ, ಒಂದು ಗೇಣು ಚಾಚಿದ ತಗಡಿನ ಕೆಳಗೆ, ಬೆನ್ನು ಗೋಡೆಗೆ ಒತ್ತಿ ನಿಲ್ಲುತ್ತಿದ್ದೆವು. ಒದ್ದೆ ಎಲೆ ರಸ್ತೆಗೆ ಅಂಟುತ್ತದೆ. ಪೊರಕೆಗೆ ಬರುವುದಿಲ್ಲ. ಉಗುರಿನಿಂದ ಎಬ್ಬಿಸಬೇಕು. ಆ ಮಳೆಯಲ್ಲೇ ಬೇಲಿಯೊಳಗೆ ಟೈಲ್ಸ್ ಹಾಕಿದರು. ಕೆಸರಾಗಬಾರದು, ನೋಡಲು ಚೆನ್ನಾಗಿರಬೇಕು ಅಂತ. ಬುಡದ ತನಕ ಹಾಕಿದರು. ಕ್ಯಾಮೆರಾ ಸಾರ್ ಬೇಡ ಅಂದರಂತೆ. ಬೇರು ಉಸಿರಾಡಬೇಕು ಅಂದರಂತೆ. ಅವರ ಮಾತು ನಡೆಯಲಿಲ್ಲ. ಹಿಂದೆಲ್ಲ ಎಂಥ ಮಳೆ ಬಂದರೂ ಆ ತಿರುವಿನಲ್ಲಿ ನೀರು ನಿಂತದ್ದಿಲ್ಲ. ಮರ ಕುಡಿದುಬಿಡುತ್ತಿತ್ತು. ಆ ವರ್ಷ ಮೊಣಕಾಲಿನ ತನಕ ನಿಂತಿತು. ಅದನ್ನು ಬಕೆಟ್ಟಿನಲ್ಲಿ ತೋಡಿ ಚರಂಡಿಗೆ ಹಾಕಿದವರು ನಾವು.

ನೀರು ಕುಡಿಯಲು ನಮಗೂ ಜಾಗ ಇಲ್ಲ, ಮರಕ್ಕೂ ಇಲ್ಲ. ಆ ನೀರಿನಲ್ಲಿ ನಿಂತು ನನಗೆ ಹಾಗನ್ನಿಸಿತು. ಮರದ ಕಡೆ ನೋಡಿದೆ. ಅದು ನನ್ನ ಕಡೆ ನೋಡಿದಂತಿತ್ತು. ನನಗೆ ಇಂಥದ್ದೆಲ್ಲ ಅನ್ನಿಸುತ್ತದೆ. ಅಜ್ಜಿ ಕಥೆ ಹೇಳಿ ಹೇಳಿ ಕೆಡಿಸಿಟ್ಟಿದ್ದಾಳೆ.

ಮಳೆ ಮುಗಿಯುವ ಹೊತ್ತಿಗೆ ದೊಡ್ಡಕ್ಕನಿಗೆ ಉರಿ ಶುರುವಾಯಿತು. ಆಮೇಲೆ ಜ್ವರ. ಆಮೇಲೆ ರಕ್ತ. ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಬರೆಯುತ್ತಲೇ ಹೇಳಿದಳು, "ನೀರು ಚೆನ್ನಾಗಿ ಕುಡೀಬೇಕು. ತಡ್ಕೋಬಾರದು."

"ಕುಡಿದು ಎಲ್ಲಿಗೆ ಹೋಗ್ಲಿ ತಾಯಿ? ನಿಮ್ಮನೆಗೆ ಬರ್ಲಾ?"

ಡಾಕ್ಟರಮ್ಮ ತಲೆ ಎತ್ತಿ ನೋಡಿದಳು. ಮತ್ತೆ ತಗ್ಗಿಸಿ ಬರೆದಳು.

ದೊಡ್ಡಕ್ಕನನ್ನು ಅವಳ ಮಗಳು ಬಂದು ತನ್ನ ಊರಿಗೆ ಕರೆದುಕೊಂಡು ಹೋದಳು. ಬಸ್ಸಿನ ಕಿಟಕಿಯಿಂದ ದೊಡ್ಡಕ್ಕ ನನ್ನ ಕೈ ಹಿಡಿದು ಅಂದಳು, "ಒಬ್ಬಳೇ ಆಗಿಬಿಟ್ಯಲ್ಲೇ. ಧೂಳೆಬ್ಬಿಸೋರು ಯಾರು ನಿಂಗೆ?"

ಬಸ್ಸು ಹೋಯಿತು. ಅದು ಎಬ್ಬಿಸಿದ ಧೂಳಿನಲ್ಲಿ ನಾನು ನಿಂತಿದ್ದೆ.

* * *

ಅವಳ ಜಾಗಕ್ಕೆ ಯಾರನ್ನೂ ಕೊಡಲಿಲ್ಲ. ಇಡೀ ಬೀದಿ ನನಗೇ ಬಂತು.

ಹಣ್ಣಿನ ಕಾಲ ಅದು. ಬೆರಳ ತುದಿಯಷ್ಟು ಚಿಕ್ಕ ಹಣ್ಣು, ಮರದ ತುಂಬ. ಬೆಳಕು ಹರಿಯುವ ಮೊದಲೇ ಹಕ್ಕಿಗಳ ಗಲಾಟೆ. ಊರಿನ ಹಕ್ಕಿಯೆಲ್ಲ ಅಲ್ಲಿಗೇ ಬಂದಿತೋ ಅನ್ನುವ ಹಾಗೆ. ಬೇರೆಲ್ಲಿ ಹೋಗಬೇಕು ಅವು? ಸುತ್ತ ಅಷ್ಟು ದೊಡ್ಡ ಮರ ಇನ್ನೊಂದು ಉಳಿದಿರಲಿಲ್ಲ. ಅವು ಬೇಲಿ ದಾಟಿ ಬರುತ್ತಿದ್ದವು, ತಿನ್ನುತ್ತಿದ್ದವು, ಅಲ್ಲೇ ಹೇಲುತ್ತಿದ್ದವು. ಬೋರ್ಡಿನಲ್ಲಿ ಚಿತ್ರ ಇದ್ದವರು, ಏನು ಮಾಡಿದರೂ ನಡೆಯುತ್ತದೆ. ಕಾರುಗಳ ಮೇಲೆ ಬಿದ್ದದ್ದಕ್ಕೆ ಬೈಸಿಕೊಂಡವಳು ನಾನು. "ಏನು ಗುಡಿಸ್ತೀಯಾ ನೀನು?" ಅಂದರು. ಕಾರಿನ ಮೇಲಿನದೂ ನನ್ನ ಕೆಲಸವೇ ಅಂತ ಅಂದು ತಿಳಿಯಿತು. ಬಟ್ಟೆ ಒದ್ದೆ ಮಾಡಿ ಒರೆಸಿದೆ.

ಮಾತಿಗೆ ಜನ ಇರಲಿಲ್ಲ. ಮನೆಗೆ ಹೋದರೆ ತಗಡಿನ ಮಾಡು, ಒಂದು ಚಾಪೆ, ಗೋಡೆಯ ಮೇಲೆ ಅಜ್ಜಿಯ ತಲೆಬಟ್ಟೆ. ಬೆಳಗ್ಗೆ ಬಂದರೆ ಹಾಜರಿ ಕೂಗುವಾಗ "ಇದೀನಿ" ಅನ್ನುವುದು. ಎಷ್ಟೋ ದಿನ ಬಾಯಿಂದ ಬಂದ ಮಾತು ಅದೊಂದೇ. ಇದೀನಿ. ಬೇಲಿಯೊಳಗೆ ಗುಡಿಸುವಾಗ ಮರಕ್ಕೂ ಹೇಳುತ್ತಿದ್ದೆ. ಮೊಳೆ ಕಿತ್ತ ಗಾಯ ಕಪ್ಪಗೆ ಒಣಗಿತ್ತು. ಅದರ ಅಂಚಿನಲ್ಲಿ ತೊಗಟೆ ಮತ್ತೆ ಮೆಲ್ಲಗೆ ಉಬ್ಬಿ ಬರುತ್ತಿತ್ತು, ಏನನ್ನೋ ಅಪ್ಪಿಕೊಳ್ಳಲು ಹುಡುಕುವ ಹಾಗೆ. ಮೇಸ್ತ್ರಿ ಆಚೆ ತಿರುಗಿದಾಗ ಹೆಬ್ಬೆರಳನ್ನು ಅದರಲ್ಲಿ ಇಡುತ್ತಿದ್ದೆ.

ಕ್ಯಾಮೆರಾ ಸಾರ್ ಆಗಾಗ ಬರುತ್ತಿದ್ದರು. ತಮ್ಮ ಜಾಗದಲ್ಲಿ ನಿಲ್ಲುತ್ತಿದ್ದರು. ಒಂದು ಕಣ್ಣು ಮುಚ್ಚುತ್ತಿದ್ದರು.

"ಸ್ವಲ್ಪ ಸರೀತೀಯಾ ಅಮ್ಮ? ಮರ ಒಂದೇ ಬೇಕು."

ಸರಿಯುತ್ತಿದ್ದೆ. ಎಲೆ ಚಿಗುರಿದಾಗ ಸರಿದಿದ್ದೆ. ಮಳೆಯಲ್ಲಿ ಬಕೆಟ್ಟು ಹಿಡಿದುಕೊಂಡು ಸರಿದಿದ್ದೆ. ಹಣ್ಣಿನ ಕಾಲದಲ್ಲೂ ಸರಿದೆ. ಅವರು ಪ್ರತಿ ಸಲವೂ "ಥ್ಯಾಂಕ್ಸಮ್ಮ" ಅನ್ನುತ್ತಿದ್ದರು. ಆ ಬೀದಿಯಲ್ಲಿ ನನಗೆ ಹಾಗೆ ಹೇಳುತ್ತಿದ್ದವರು ಅವರೊಬ್ಬರೇ. ಅದಕ್ಕೇ ಸಿಟ್ಟು ಹೊಟ್ಟೆಯಲ್ಲೇ ಉಳಿಯುತ್ತಿತ್ತು. ಬೈದವರನ್ನು ಬೈಯಬಹುದು. ಒಳ್ಳೆಯ ಮಾತಾಡಿ ಸರಿಸಿದವರನ್ನು ಏನು ಮಾಡುವುದು?

ಚಳಿ ಬಂತು. ಎಲೆ ಹಳದಿಯಾಯಿತು. ನೆರಳು ತವರಿಗೆ ಹೊರಟಳು. ಎಲೆಗಳು ಬಿದ್ದು ಬಿದ್ದು ಅವಳ ಹಿಂದೆ ಓಡಿದವು. ಒಣ ಎಲೆ ಪೊರಕೆಗಿಂತ ಮುಂದೆ ಓಡುತ್ತದೆ. ಹಿಂದೆ ತಿರುಗಿದರೆ ಗುಡಿಸಿದ ಕಡೆ ಮತ್ತೆ ಅಷ್ಟೇ ಎಲೆ. ಮೊದಲ ರಾಶಿಯನ್ನು ಕಾಲಿನಿಂದ ಬುಡಕ್ಕೆ ತಳ್ಳಿದೆ, ಅಭ್ಯಾಸ. ಟೈಲ್ಸ್ ಮೇಲೆ ಜಾರಿ ಎಲ್ಲ ವಾಪಸು ಬಂತು.

* * *

ಕ್ಯಾಮೆರಾ ಸಾರ್ ಅವರ ವರ್ಷ ಮುಗಿಯಿತು. ಬೀದಿಯವರು ಮರಕ್ಕೆ ಸನ್ಮಾನ ಅಂತ ಮಾಡಿದರು. ಫೋಟೋಗಳನ್ನೆಲ್ಲ ದೊಡ್ಡದು ಮಾಡಿಸಿ ಬೇಲಿಗೆ ತೂಗುಹಾಕಿದರು. ಬಿಸಿಲಿಗೆಂದು ಬಿಳಿ ಬಟ್ಟೆಯ ಚಪ್ಪರ, ಅದರ ಕೆಳಗೆ ಕುರ್ಚಿ. ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು. ಗೇಟು ತೆರೆದೇ ಇತ್ತು.

ನಾನು ನಸುಕಿನಿಂದ ಗುಡಿಸುತ್ತಿದ್ದೆ. ಫೋಟೋಗಳ ಮುಂದೆ ಹಾದುಹೋಗುವಾಗ ನೋಡಿದೆ. ಕೆಂಪು ಎಲೆಯ ಮರ. ಹಸಿರು ಮರ. ಮಳೆಯ ಮರ. ಹಕ್ಕಿಯ ಮರ. ಪ್ರತಿಯೊಂದರಲ್ಲೂ ನೆಲ ಚೊಕ್ಕಟವಾಗಿತ್ತು. ಗುಡಿಸಿದವಳು ಎಲ್ಲೂ ಇರಲಿಲ್ಲ. ತಾನೇ ಚೊಕ್ಕಟವಾದ ಹಾಗೆ.

ಮೇಸ್ತ್ರಿ ಒಂದು ಉದ್ದನೆಯ ಬಿದಿರು ತಂದು ನನ್ನ ಮುಂದೆ ನಿಲ್ಲಿಸಿದ.

"ತಗೋ. ಬಡಿ. ಇರೋದೆಲ್ಲ ಒಂದೇ ಸಲ ಬಿದ್ದುಹೋಗ್ಲಿ. ಅವರು ಮಾತಾಡುವಾಗ ತಲೆ ಮೇಲೆ ಎಲೆ ಬೀಳಬಾರದಂತೆ. ಆಮೇಲೆ ಗುಡಿಸಿಬಿಡು. ನೆಲ ಕನ್ನಡಿ ಆಗ್ಬೇಕು."

"ಮರಕ್ಕೆ ಸನ್ಮಾನ ಅಂದ್ರಲ್ಲ."

"ಹೌದು. ಅದಕ್ಕೇ."

"ಬಡಿದು ಸನ್ಮಾನ ಮಾಡೋದಾ?"

"ಬಾಯಿ ಬೇಡ. ಕೈ ಸಾಕು."

ಇದು ನಮ್ಮ ಕೆಲಸದಲ್ಲಿ ಹೊಸದೇನಲ್ಲ. ಬೇರೆ ಬೀದಿಗಳಲ್ಲಿ ಮಾಡುತ್ತಾರೆ. ದಿನಾ ಗುಡಿಸುವ ಬದಲು ಒಂದು ದಿನ ಬಡಿದು ಮುಗಿಸುವುದು. ಅಜ್ಜಿ ಮಾತ್ರ ಎಂದೂ ಮಾಡಲಿಲ್ಲ. ಯಾಕೆ ಅಂತ ಕೇಳಿದರೆ, "ಹೊರಟು ನಿಂತೋಳನ್ನ ಕುತ್ತಿಗೆ ಹಿಡಿದು ದಬ್ತಾರೇನೇ?" ಅನ್ನುತ್ತಿದ್ದಳು.

ಬಿದಿರು ಎತ್ತಿದೆ. ಕೆಲಸ ಬೇಕಿತ್ತು ನನಗೆ. ಕೆಳಗಿನ ಕೊಂಬೆಗೆ ಒಂದೇಟು ಹಾಕಿದೆ. ಹಣ್ಣಾದ ಎಲೆ ಸುಮ್ಮನೆ ಬಿತ್ತು. ಇನ್ನೂ ಹೊರಡದ ಎಲೆ ಹರಿದು ಬಿತ್ತು. ಹರಿದ ಕಡೆಯಿಂದ ಬಿಳಿ ಹಾಲು ತೊಟ್ಟಿಕ್ಕಿತು. ಒಂದು ಹನಿ ನನ್ನ ತುಟಿಗೆ ಬಿತ್ತು. ಕಹಿ. ಬೆಳಗಿನಿಂದ ಒಣಗಿದ್ದ ಬಾಯಿಗೆ ಆ ದಿನ ಬಿದ್ದ ಮೊದಲ ಹನಿ ಅದು.

ಬಿದಿರನ್ನು ಬೇಲಿಗೆ ಒರಗಿಸಿದೆ.

"ಏನಾಯ್ತು?"

"ಆಗಲ್ಲ."

"ಕೈ ನೋವಾ?"

"ಕೈ ಚೆನ್ನಾಗಿದೆ. ಬಡಿಯಲ್ಲ."

ಪೊರಕೆಯನ್ನೂ ಕೆಳಗಿಟ್ಟೆ. ಟೈಲ್ಸ್ ಮೇಲೆ ಅದು ಸದ್ದು ಮಾಡಿತು. ಮೇಸ್ತ್ರಿಯ ಕಣ್ಣು ನನ್ನ ಮುಖದಿಂದ ಪೊರಕೆಗೆ ಇಳಿಯಿತು. ನಾನು ಬೇರಿನ ಗೋಡೆಗಳ ನಡುವೆ, ನನ್ನನ್ನು ಮಲಗಿಸುತ್ತಿದ್ದ ಜಾಗದಲ್ಲಿ, ಎಲ್ಲರಿಗೂ ಕಾಣುವ ಹಾಗೆ ರಸ್ತೆಗೆ ಮುಖ ಮಾಡಿ ಕೂತೆ. ಟೈಲ್ಸ್ ತಣ್ಣಗೆ ಕೊರೆಯಿತು. ಚೀಲದಿಂದ ನೀರಿನ ಬಾಟಲಿ ತೆಗೆದೆ. ಅದನ್ನು ದಿನಾ ತುಂಬಿ ತರುತ್ತಿದ್ದೆ, ದಿನಾ ತುಂಬಿದ್ದನ್ನೇ ವಾಪಸು ಒಯ್ಯುತ್ತಿದ್ದೆ. ಕುಡಿದೆ. ಗಟಗಟ ಕುಡಿದೆ. ಕತ್ತಿನ ಮೇಲೆ ಹರಿಯಿತು, ಎದೆಯ ಮೇಲೆ ಹರಿಯಿತು. ಪೂರ್ತಿ ಕುಡಿದೆ.

"ಏಳು. ಹುಚ್ಚು ಹಿಡಿದಿದೆಯಾ? ಅವರ ಕಾರು ಬಂತು. ಪೊರಕೆ ಎತ್ತು."

"ಎತ್ತಲ್ಲ."

ಕಾರುಗಳು ಬಂದವು. ಜನ ಇಳಿದರು. ಮೆತ್ತಗೆ ಮಾತಾಡುತ್ತ ಬಂದವರು ನನ್ನನ್ನು ಕಂಡು ಮಾತು ನಿಲ್ಲಿಸಿದರು. ಎಲೆ ಬೀಳುತ್ತಲೇ ಇತ್ತು. ನನ್ನ ತಲೆಯ ಮೇಲೆ, ಚಪ್ಪರದ ಮೇಲೆ, ಅಧಿಕಾರಿಯ ಬೂಟಿನ ಮೇಲೆ. ಬಿಳಿ ಗೇಟಿನ ಮನೆಯೊಡತಿ ಮೂಗು ಹಿಡಿದಳು. ನಾನು ಧೂಳೆಬ್ಬಿಸಿರಲೇ ಇಲ್ಲ.

ಕ್ಯಾಮೆರಾ ಸಾರ್ ಬೇಲಿಯ ಹತ್ತಿರ ಬಂದರು. ಬಿದಿರು ನೋಡಿದರು. ಹರಿದ ಎಲೆ ನೋಡಿದರು.

"ಮರ ಬಡಿದೆಯಾ?"

"ಬಡಿದೆ ಸಾರ್. ಒಂದೇಟು. ಅವರು ಬಡಿ ಅಂದ್ರು. ಇನ್ನೊಂದು ಬಡಿಯಲ್ಲ ಅಂದೆ."

ಅವರು ಮೇಸ್ತ್ರಿಯ ಕಡೆ ತಿರುಗಿದರು. ಮೇಸ್ತ್ರಿ ಬೀದಿಯವರ ಕಡೆ ತಿರುಗಿದ. ಬೀದಿಯವರು ಚಪ್ಪರದ ಕಡೆ ತಿರುಗಿದರು. ಅಧಿಕಾರಿ ಗಡಿಯಾರ ನೋಡಿಕೊಂಡರು.

ಕ್ಯಾಮೆರಾ ಸಾರ್ ಕತ್ತಿನ ಪಟ್ಟಿ ಸರಿಮಾಡಿಕೊಂಡರು. ಅವರ ದನಿ ಮೊದಲಿನ ಹಾಗೇ ಮೆತ್ತಗಿತ್ತು.

"ಸರಿ. ಈಗ ಸ್ವಲ್ಪ ಸರೀತೀಯಾ ಅಮ್ಮ? ಕೊನೇ ಫೋಟೋ. ವರ್ಷ ಪೂರ್ತಿ ಆಗ್ಬೇಕು."

"ಇಲ್ಲ ಸಾರ್."

"ಒಂದೇ ಕ್ಷಣ."

"ಇಡೀ ವರ್ಷ ಸರಿದಿದ್ದೀನಿ ಸಾರ್. ಇದ್ರಲ್ಲಿ ನಾನು ಇರ್ತೀನಿ."

ಅವರು ಕ್ಯಾಮೆರಾ ಎತ್ತಿದರು. ಒಂದು ಕಣ್ಣು ಮುಚ್ಚಿದರು. ಬಹಳ ಹೊತ್ತು ಹಾಗೇ ನಿಂತರು. ನಾನು ಆ ಗಾಜಿನ ಕಣ್ಣನ್ನೇ ನೋಡುತ್ತಿದ್ದೆ. ಕ್ಲಿಕ್ ಅನ್ನುವ ಸದ್ದು ಬರಲಿಲ್ಲ. ಅವರು ಕ್ಯಾಮೆರಾ ಇಳಿಸಿ, ಅದರ ಮುಚ್ಚಳ ಹಾಕಿ, ತಮ್ಮ ಮನೆಯ ಕಡೆ ನಡೆದರು.

ಮೇಸ್ತ್ರಿ ಬೇಲಿಯೊಳಗೆ ಬಂದು ನನ್ನ ಪೊರಕೆ ಎತ್ತಿಕೊಂಡ. ಅಜ್ಜಿಯ ಪೊರಕೆ. ಕಡ್ಡಿ ಎಷ್ಟು ಸಲ ಬದಲಾದರೂ ಹಿಡಿ ಅವಳದೇ. "ನಾಳೆಯಿಂದ ಈ ಬೀದಿಗೆ ಕಾಲಿಡಬೇಡ. ಯಾವ ಬೀದಿಗೂ ಬೇಡ," ಅಂದ.

"ನಾಳೆ ತಾನೇ," ಅಂದೆ. "ನಾಳೆ ಬರಲ್ಲ. ಇವತ್ತು ಏಳಲ್ಲ."

ಅವನು ಕೈ ಎತ್ತಿದ. ಅಷ್ಟು ಜನರ ಮುಂದೆ ಇಳಿಸಲೇಬೇಕಾಯಿತು. ಅಧಿಕಾರಿ ಕಾರು ಹತ್ತಿದರು. ಅವರ ಹಿಂದೆ ಉಳಿದವರು ಹೋದರು. ಹಿಂದಿನ ಕಾರಿನ ಡ್ರೈವರು ಒಬ್ಬ ಅಷ್ಟು ಹೊತ್ತೂ ಬಿಸಿಲಿನಲ್ಲಿ ನಿಂತಿದ್ದ. ತೆರೆದ ಗೇಟನ್ನು ನೋಡಿದ, ನನ್ನನ್ನು ನೋಡಿದ. ನಾನು ಪಕ್ಕಕ್ಕೆ ಸರಿದು ಜಾಗ ಮಾಡಿದೆ. ಯಜಮಾನರು ಕರೆದರು. ಅವನು ಓಡಿದ.

ಬೀದಿ ಖಾಲಿಯಾಯಿತು. ಫೋಟೋಗಳು ಗಾಳಿಗೆ ಬೇಲಿಗೆ ಬಡಿಯುತ್ತಿದ್ದವು. ತಲೆಯ ಮೇಲೆ ಕೊಂಬೆ ಬರಿದಾಗುತ್ತ ಬಂದಿತ್ತು. ಬಿಸಿಲು ನೇರ ನನ್ನ ನೆತ್ತಿಗೆ ಬೀಳುತ್ತಿತ್ತು. ಕೂತು ಸುಧಾರಿಸಿಕೊಳ್ಳುವಂಥ ನೆರಳು ಅಲ್ಲಿ ಒಂದು ಅಂಗೈಯಷ್ಟೂ ಇರಲಿಲ್ಲ. ಅವಳು ತವರಿನಲ್ಲಿದ್ದಳು. ಅವಳು ಬರುವ ತನಕ ಜಾಗ ಹಿಡಿದು ಯಾರಾದರೂ ಕೂತಿರಬೇಕಲ್ಲ.

ಎಲೆ ಬಿದ್ದವು. ಗುಡಿಸಲಿಲ್ಲ.

ಬುತ್ತಿಯ ಗಂಟು ಬಿಚ್ಚಿದೆ.